ಜಾವಾ ಬಳಗದವರೊಡನೆ ಒಂದು ವರ್ಷ

ಮೈಸೂರು ಸೀಮೆಯ ಎಷ್ಟೋ ಮನೆಗಳ ಹಿತ್ತಿಲಿನಲ್ಲಿಯೋ ಕೊಟ್ಟಿಗೆಯ ಮೂಲೆಯಲ್ಲಿಯೋ ಹಳೆಯ ಜಾವಾ ಇಲ್ಲವೆ ಯೆಜ್ಡಿ ಮೋಟಾರು ಬೈಕೊಂದು ಗೋಣಿತಾಟು ಹೊದ್ದು ನಿಂತಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ನಮ್ಮ ಮನೆಯಲ್ಲಿಯೂ ಅಂಥದೊಂದುಂಟು. ನಮ್ಮ ತಂದೆಯವರು 1972ರಲ್ಲಿ ಕೊಂಡ ಜಾವಾ ಅದು. ಕಡುಗೆಂಪು ಬಣ್ಣ, ಟ್ಯಾಂಕಿಯ ಎರಡು ಮಗ್ಗುಲಿಗೂ ಕನ್ನಡಿಯಂತೆ ಹೊಳೆಯುತ್ತಿದ್ದ ತಗಡು, ಒಂದೇ ಸಿಲಿಂಡರಿನ ಎಂಜಿನ್ನಿಗೆ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರು. ತಂದೆಯವರು ಅದರ ಮೇಲೆ ಶಾಲೆಗೆ ಹೋದರು, ಗದ್ದೆಗೆ ಹೋದರು, ನಡುರಾತ್ರಿಯಲ್ಲಿ ಸೂಲಗಿತ್ತಿಯನ್ನು ಕರೆತಂದರು, ಸಂತೆಯಿಂದ ಬಾಳೆಗೊನೆ ಹೊತ್ತು ತಂದರು. ಅವರು ಲಿಂಗೈಕ್ಯರಾದ ಮೇಲೆ ಹನ್ನೊಂದು ವರ್ಷ ಗಾಡಿ ನಿಂತಲ್ಲಿಯೇ ನಿಂತಿತು. ಗುಜರಿಯವನು ಎರಡು ಸಲ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ನಮ್ಮ ತಾಯಿಯವರು ಎರಡು ಸಲವೂ ಅವನನ್ನು ಬಾಗಿಲಿನಿಂದಲೇ ಕಳುಹಿಸಿದರು.

ಒಂದು ಕಾರ್ತಿಕ ಸೋಮವಾರ ಅದನ್ನೇರಿ ನಂಜನಗೂಡಿಗೆ ಹೋಗಿಬರಬೇಕೆಂಬ ಆಸೆ ನಮಗೆ ಹುಟ್ಟಿತು. ಬೀದಿಯ ಮೆಕ್ಯಾನಿಕನೊಬ್ಬನು ಅದನ್ನು ಹೇಗೋ ಚಾಲೂ ಮಾಡಿಕೊಟ್ಟ. ನಾವು ಬಂಕಿನಲ್ಲಿ ಪೆಟ್ರೋಲು ತುಂಬಿಸಿ ಹೊರಟೆವು. ಕಡಕೊಳ ದಾಟುವಷ್ಟರಲ್ಲಿ ಎಂಜಿನ್ನಿನಿಂದ ಕಿರ್ರೆಂಬ ಸದ್ದು ಬಂದು ಹಿಂದಿನ ಚಕ್ರ ಬಿಗಿದುಕೊಂಡಿತು. ಬೀಳದೆ ಉಳಿದದ್ದೇ ಪುಣ್ಯ. ತಪ್ಪು ಸಂಪೂರ್ಣವಾಗಿ ನಮ್ಮದು. ಜಾವಾ ಎರಡು ಸ್ಟ್ರೋಕಿನ ಗಾಡಿ. ಅದರ ಪಿಸ್ಟನ್ನಿಗೂ ಬೇರಿಂಗುಗಳಿಗೂ ಜಿಡ್ಡು ದೊರೆಯುವುದು ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯಿಂದಲೇ. ಲೀಟರಿಗೆ ಸುಮಾರು 30ರಿಂದ 40 ಮಿಲಿಲೀಟರು ಎಣ್ಣೆ ಬೆರೆಸದಿದ್ದರೆ ಪಿಸ್ಟನ್ನು ಕಾದು, ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ತಂದೆಯವರ ಹಿಂದೆ ಕುಳಿತು ನೂರಾರು ಸಲ ಬಂಕಿಗೆ ಹೋಗಿದ್ದ ನಮಗೆ ಅವರು ಎಣ್ಣೆಯ ಅಳತೆಯ ಲೋಟವನ್ನು ಬಟ್ಟೆಯಲ್ಲಿ ಒರೆಸಿ ಒಳಗಿಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿತ್ತು; ಅದು ಏತಕ್ಕೆಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

ರಸ್ತೆಯ ಬದಿಯಲ್ಲಿ ಬೆವರುತ್ತ ಕಿಕ್ಕರನ್ನು ಒದೆಯುತ್ತಿದ್ದಾಗ ಎರಡು ಯೆಜ್ಡಿಗಳು ಬಂದು ನಿಂತವು. ಇಳಿದವರಲ್ಲಿ ಹಿರಿಯರೊಬ್ಬರು ನಮ್ಮ ಗಾಡಿಯ ಸಿಲಿಂಡರಿನ ಮೇಲೆ ಅಂಗೈ ಹಿಡಿದು ನೋಡಿ, "ಒದೀಬೇಡಿ ಸ್ವಾಮಿ, ಆರಲಿ" ಎಂದರು. ಅರ್ಧ ಗಂಟೆ ಮರದ ನೆರಳಿನಲ್ಲಿ ಕುಳಿತೆವು. ಅನಂತರ ಅವರು ಪ್ಲಗ್ಗು ಬಿಚ್ಚಿ ರಂಧ್ರದೊಳಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟು, ಗಾಡಿಯನ್ನು ಗೇರಿಗೆ ಹಾಕಿ, ಮಗುವಿನ ತೊಟ್ಟಿಲು ತೂಗುವಂತೆ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದರು. ಪಿಸ್ಟನ್ನು ಬಿಟ್ಟುಕೊಂಡಿತು. ಆದರೆ ಒಳಗೆ ಗಾಯವಾಗಿದೆ, ನಡೆಸಬೇಡಿ, ಟೆಂಪೋದಲ್ಲಿ ಮನೆಗೆ ಒಯ್ಯಿರಿ ಎಂದರು. ಹೋಗುವ ಮುನ್ನ ಆರ್.ಸಿ. ಯಾರ ಹೆಸರಿನಲ್ಲಿದೆಯೆಂದು ಕೇಳಿದರು. ತಂದೆಯವರ ಹೆಸರಿನಲ್ಲೆಂದು ನಾವು ಹೇಳಿದಾಗ ಅವರ ಮುಖದಲ್ಲಿ ಮೂಡಿದ ಅಸಮಾಧಾನ ಪಿಸ್ಟನ್ನು ಕಚ್ಚಿದ್ದಕ್ಕಿಂತ ಹೆಚ್ಚಿನದಾಗಿತ್ತು.

ಹೀಗೆ ನಮಗೆ ಆ ಬಳಗದ ಪರಿಚಯವಾಯಿತು. ಅದಕ್ಕೆ ನಾಮಫಲಕವಿಲ್ಲ, ಕಚೇರಿಯಿಲ್ಲ. ಜಾವಾ, ಯೆಜ್ಡಿ ಗಾಡಿಗಳಿರುವ ಮನೆಗಳವರು ತಿಂಗಳ ಮೊದಲ ಭಾನುವಾರ ಬೆಳಗಿನ ಆರೂವರೆಗೆ ಒಂದೆಡೆ ಸೇರುತ್ತಾರೆ. ಉಪಾಧ್ಯಾಯರು, ಹೂವಿನ ವ್ಯಾಪಾರಿ, ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬ ದಂತವೈದ್ಯರು, ಎಳೆಯ ಎಂಜಿನಿಯರುಗಳು ಅಲ್ಲಿರುತ್ತಾರೆ. ಮೋಟಾರು ಬೈಕಿನ ಸಂಘವೆಂದೊಡನೆ ಗೃಹಸ್ಥರ ಮನಸ್ಸಿನಲ್ಲಿ ಮೂಡುವ ಚಿತ್ರ ಬೇರೆ: ತಲೆ ಕೆದರಿದ ಹುಡುಗರು, ಕಿವಿಗಡಚಿಕ್ಕುವ ಸದ್ದು. ನಾವೂ ಹಾಗೆಯೇ ಭಾವಿಸಿದ್ದೆವು. ಒಂದು ವರ್ಷ ಅವರೊಡನೆ ಓಡಾಡಿದ ಮೇಲೆ ನಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು. ಅವರ ಸವಾರಿಗಿಂತ ಸವಾರಿಯಿಲ್ಲದ ದಿನಗಳ ಕೆಲಸವೇ ದೊಡ್ಡದೆಂದು ನಮಗೆ ತೋರಿತು.

ಈ ಗಾಡಿಗೂ ಮೈಸೂರಿಗೂ ಇರುವ ನಂಟನ್ನು ಕಿರಿಯ ವಾಚಕರಿಗಾಗಿ ಇಲ್ಲಿ ಹೇಳುವುದು ಉಚಿತ. ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಬೈಕು ತಯಾರಿಕೆಯ ಹಕ್ಕು ಕೊಂಡು 1929ರಲ್ಲಿ ಪ್ರಾಗ್ ನಗರದಲ್ಲಿ ಉದ್ಯಮ ಆರಂಭಿಸಿದರು. ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ನಮ್ಮಲ್ಲಿ ಮುಂಬಯಿಯ ಇರಾನಿ ಮನೆತನದವರು ಈ ಗಾಡಿಗಳನ್ನು ತರಿಸಿ ಮಾರುತ್ತಿದ್ದರು. ಆಮದಿಗೆ ತಡೆ ಬಿದ್ದಾಗ ಇಲ್ಲಿಯೇ ತಯಾರಿಸಲು ಹೊರಟ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿಯವರು ಮೈಸೂರನ್ನು ಆರಿಸಿಕೊಂಡರು. ಯಾದವಗಿರಿಯಲ್ಲಿ ಎದ್ದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಉದ್ಘಾಟಿಸಿದರು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1978ರಲ್ಲಿ ರೋಡ್ ಕಿಂಗ್ ಎಂಬ ಹೆಸರಾಂತ ಮಾದರಿ ಹೊರಬಂದಿತು. 1980ರ ದಶಕದ ನಡುವಿನಲ್ಲಿ ಜಪಾನೀ ಕಂಪನಿಗಳ ಸಹಯೋಗದಿಂದ ಬಂದ 100 ಸಿ.ಸಿ. ಗಾಡಿಗಳು ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡಿದವು. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ದುಡಿದ ಕೈಗಳು ಊರಿನ ಗಲ್ಲಿಗಳಲ್ಲಿ ಸಣ್ಣ ಸಣ್ಣ ಗ್ಯಾರೇಜುಗಳಾಗಿ ಚದುರಿದವು. ಈಗ ಆ ಗ್ಯಾರೇಜುಗಳೂ ಒಂದೊಂದಾಗಿ ಬಾಗಿಲು ಹಾಕುತ್ತಿವೆ.

ಬಳಗದ ಸವಾರಿಗಳ ವಿಷಯವನ್ನು ಮೊದಲು ಮುಗಿಸಿಬಿಡುತ್ತೇವೆ. ರಾಜ್ಯೋತ್ಸವದಂದು ಶ್ರೀರಂಗಪಟ್ಟಣಕ್ಕೆ, ಸಂಕ್ರಾಂತಿಯ ಸುಮಾರಿಗೆ ದೂರದ ಒಂದು ಊರಿಗೆ, ನಡುವೆ ಮೇಲುಕೋಟೆಯೋ ಮಡಿಕೇರಿಯೋ. ನಾವು ಜನವರಿಯಲ್ಲಿ ಅವರ ಹಿಂದೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದವರೆಗೆ ಹೋಗಿದ್ದೆವು, ಬೇರೊಬ್ಬರ ಗಾಡಿಯಲ್ಲಿ ಹಿಂದೆ ಕುಳಿತು. ಹಿಂದೆ ಕುಳಿತವರಿಗೂ ತಲೆಗವಚ ಕಡ್ಡಾಯ. ಕರ್ನಾಟಕದಲ್ಲಿ 2016ರಿಂದ ನಿಯಮವೇ ಹಾಗಿದೆಯಾದರೂ ಊರಿನ ಬೀದಿಗಳಲ್ಲಿ ಅದನ್ನು ಪಾಲಿಸುವವರು ಎಷ್ಟು ಮಂದಿಯೆಂಬುದನ್ನು ನಾವು ಹೇಳಬೇಕಾಗಿಲ್ಲ. ಬೆಟ್ಟದ ಬುಡದಲ್ಲಿ ಗಾಡಿಗಳನ್ನು ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಮೇಲೇರಬೇಕು. ಖಾಸಗಿ ವಾಹನಗಳಿಗೆ ಅಲ್ಲಿ ಅವಕಾಶವಿಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷೇಧವಿದೆಯಾದುದರಿಂದ, ಸಂಜೆಯ ಬೆಳಕಿರುವಾಗಲೇ ಕಾಡಿನ ಅಂಚು ಬಿಟ್ಟು ಹೊರಟೆವು. ಸಾಲಿನ ಮೊದಲಿಗೆ ಅತಿ ನಿಧಾನದ ಗಾಡಿ, ಕೊನೆಗೆ ಮೆಕ್ಯಾನಿಕ್. ಯಾರೂ ಯಾರನ್ನೂ ಹಿಂದೆ ಹಾಕಲಿಲ್ಲ.

ಬಳಗದಲ್ಲಿ ಜಗಳವಿಲ್ಲವೆಂದು ಭಾವಿಸಬಾರದು. 2018ರಲ್ಲಿ ಜಾವಾ ಹೆಸರಿನ ಗಾಡಿಗಳು, 2022ರಲ್ಲಿ ಯೆಜ್ಡಿ ಹೆಸರಿನವು ಮತ್ತೆ ಮಾರುಕಟ್ಟೆಗೆ ಬಂದವು. ಅವು ನಾಲ್ಕು ಸ್ಟ್ರೋಕಿನವು, ನೀರಿನಿಂದ ತಣಿಯುವ ಎಂಜಿನ್ನಿನವು, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವಂಥವು. ಇವುಗಳ ಒಡೆಯರನ್ನು ಬಳಗಕ್ಕೆ ಸೇರಿಸಬೇಕೆ, ಬೇಡವೆ? ಹಳಬರಲ್ಲಿ ಕೆಲವರು ಕೂಡದೆಂದರು. ಎಣ್ಣೆ ಬೆರೆಸದ ಗಾಡಿ ಜಾವಾ ಹೇಗಾದೀತೆಂಬುದು ಅವರ ವಾದ. ಎರಡು ಭಾನುವಾರ ಮಾತು ಬಿಸಿಯೇರಿತು. ಕೊನೆಗೆ, ಹೊಸ ಗಾಡಿಯವರು ಬರಬಹುದು, ಆದರೆ ಬೇಸಗೆಯ ಕೆಲಸದಲ್ಲಿ ಕೈಗೆ ಮಸಿ ಹಚ್ಚಿಕೊಳ್ಳಬೇಕೆಂದು ತೀರ್ಮಾನವಾಯಿತು. ಒಬ್ಬರು ಸಿಟ್ಟಿನಿಂದ ಬಳಗ ಬಿಟ್ಟು ಹೋದರು. ಇಂದಿಗೂ ಬಂದಿಲ್ಲ.

ಆ ಬೇಸಗೆಯ ಕೆಲಸವೇ ಈ ಲೇಖನಕ್ಕೆ ಕಾರಣ. ಯುಗಾದಿ ಕಳೆದ ಮೇಲೆ ಶಾಲೆಗಳಿಗೆ ರಜೆ ಬರುವಾಗ ಬಳಗದವರು ದೂರದ ಸವಾರಿ ನಿಲ್ಲಿಸಿ ಎಂಜಿನ್ನು ಬಿಚ್ಚುತ್ತಾರೆ. ಕಡಕೊಳದಲ್ಲಿ ನಮ್ಮ ನೆರವಿಗೆ ಬಂದ ಹಿರಿಯರ ಮನೆಯ ಹಿಂದಿನ ಶೆಡ್ಡೇ ಅವರ ಪಾಠಶಾಲೆ. ಅವರು ಯಾದವಗಿರಿಯ ಕಾರ್ಖಾನೆಯಲ್ಲಿ ಹರೆಯದಿಂದ ಹಿಡಿದು ಬಾಗಿಲು ಹಾಕುವವರೆಗೆ ಎಂಜಿನ್ನು ಜೋಡಿಸುವ ಕಾಯಕ ಮಾಡಿದವರು. ಎಲ್ಲರೂ ಅವರನ್ನು ತಾತ ಎಂದೇ ಕರೆಯುತ್ತಾರೆ. ವಯಸ್ಸು ಎಂಬತ್ತರ ಹತ್ತಿರ. ಎರಡು ಕಣ್ಣಿಗೂ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ಬಲಗಣ್ಣು ಸರಿಹೋಗಲಿಲ್ಲ.

ಎರಡು ವರ್ಷಗಳ ಹಿಂದೆ ನಡೆದುದೊಂದನ್ನು ಅವರು ನಮಗೆ ಹೇಳಿದರು. ಅವರೊಡನೆ ಕಾರ್ಖಾನೆಯಲ್ಲಿದ್ದ ಇನ್ನೊಬ್ಬ ಮೆಕ್ಯಾನಿಕರು ತೀರಿಕೊಂಡರು. ಜಾವಾದ ಕ್ರ್ಯಾಂಕು ಬಿಚ್ಚಿ ಕೂಡಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ತಿಂಗಳು ಕಳೆಯುವುದರೊಳಗೆ ಮಕ್ಕಳು ಅಂಗಡಿ ಖಾಲಿ ಮಾಡಿ, ಅವರು ತಮ್ಮ ಕೈಯಾರೆ ಮಾಡಿಕೊಂಡಿದ್ದ ಹಿಡಿಕೆಗಳು, ಅಚ್ಚುಗಳು, ಪುಲ್ಲರುಗಳನ್ನೆಲ್ಲ ಕಬ್ಬಿಣದ ಬೆಲೆಗೆ ತೂಕ ಹಾಕಿ ಕೊಟ್ಟರು. ಆ ಮಕ್ಕಳದು ತಪ್ಪೆಂದು ನಾವು ಹೇಳಲಾರೆವು. ಆ ಕಬ್ಬಿಣದ ತುಂಡುಗಳು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸುದ್ದಿ ತಿಳಿದ ಬಳಗದವರು ಗುಜರಿಗೆ ಓಡಿದರು. ಅರ್ಧದಷ್ಟು ಸಿಕ್ಕಿತು. ಸಿಕ್ಕವುಗಳಲ್ಲಿ ಮೂರರ ಉಪಯೋಗ ಏನೆಂಬುದು ತಾತನವರಿಗೂ ತಿಳಿಯದು. ಅವು ಶೆಡ್ಡಿನ ಗೋಡೆಗೆ ನೇತುಬಿದ್ದಿವೆ.

ಕ್ರ್ಯಾಂಕಿನ ಕೆಲಸ ಏನೆಂಬುದನ್ನು ನಾವು ಕಣ್ಣಾರೆ ಕಂಡಷ್ಟನ್ನು ಹೇಳುತ್ತೇವೆ. ಪಿಸ್ಟನ್ನಿನ ಏರಿಳಿತವನ್ನು ಸುತ್ತುವ ಚಲನೆಯನ್ನಾಗಿ ಮಾಡುವ ಭಾಗವದು. ಜಾವಾದಲ್ಲಿ ಅದು ಒಂದೇ ಎರಕದ್ದಲ್ಲ. ಎರಡು ಭಾರದ ಉಕ್ಕಿನ ಬಿಲ್ಲೆಗಳ ನಡುವೆ ಒಂದು ಗೂಟ. ಆ ಗೂಟಕ್ಕೆ ಬೇರಿಂಗು, ಬೇರಿಂಗಿಗೆ ಕನೆಕ್ಟಿಂಗ್ ರಾಡು. ಎಲ್ಲವನ್ನೂ ಒತ್ತುಯಂತ್ರದಲ್ಲಿ ಒತ್ತಿ ಕೂಡಿಸಿರುತ್ತಾರೆ. ಬೇರಿಂಗು ಸವೆದಾಗ ಬಿಲ್ಲೆಗಳನ್ನು ಬೇರ್ಪಡಿಸಿ, ಹೊಸದನ್ನು ಹಾಕಿ, ಮತ್ತೆ ಒತ್ತಬೇಕು. ಕಷ್ಟವಿರುವುದು ಅದಾದ ಮೇಲೆ. ಎರಡು ಬಿಲ್ಲೆಗಳ ಅಚ್ಚು ಒಂದೇ ಗೆರೆಯಲ್ಲಿ ಬರಬೇಕು. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವಿದ್ದರೂ ಗಾಡಿ ನಡುಗುತ್ತದೆ, ಬೇರಿಂಗುಗಳು ಬೇಗ ಹಾಳಾಗುತ್ತವೆ. ಕ್ರ್ಯಾಂಕನ್ನು ಎರಡು ಮೊನೆಗಳ ನಡುವೆ ತೂಗುಹಾಕಿ, ಡಯಲ್ ಗೇಜಿನ ಮುಳ್ಳು ಎಷ್ಟು ಆಡುತ್ತದೆಂದು ನೋಡಿ, ತಾಮ್ರದ ಸುತ್ತಿಗೆಯಿಂದ ಸರಿಯಾದ ಜಾಗಕ್ಕೆ ಸರಿಯಾದ ಪೆಟ್ಟು ಕೊಟ್ಟು ತಿದ್ದುತ್ತಾರೆ.

ತಾತನವರಿಗೆ ಈಗ ಆ ಮುಳ್ಳು ಕಾಣುವುದಿಲ್ಲ. ನಮ್ಮ ಗಾಡಿಯ ಸರದಿ ಬಂದ ದಿನ ನಮ್ಮ ಕಿರಿಯ ಮಗಳು ಜೊತೆಗೆ ಬಂದಿದ್ದಳು. ಪಾಲಿಟೆಕ್ನಿಕ್ಕಿನಲ್ಲಿ ಓದುವ ಹುಡುಗಿ. ಬೇಸರ ಕಳೆಯಲೆಂದು ಬಂದಿದ್ದವಳು. ಮುಳ್ಳು ಓದಲು ಯಾರಾದರೂ ಬೇಕೆಂದಾಗ ಅವಳೇ ಹೋಗಿ ನಿಂತಳು.

"ಎಷ್ಟು ಮಗಾ?"

"ಒಂಬತ್ತು, ತಾತ."

ಒಂದು ಪೆಟ್ಟು. "ಈಗ?"

"ಆರು."

ಬಿಲ್ಲೆಯನ್ನು ತುಸು ತಿರುಗಿಸಿ ಇನ್ನೊಂದು. "ಈಗ?"

"ಏಳಾಯ್ತು, ತಾತ. ಜಾಸ್ತಿ ಆಯ್ತು."

ಹೀಗೆ ಒಂದು ಗಂಟೆಗೂ ಹೆಚ್ಚು ಕಾಲ ನಡೆಯಿತು. ಮುಳ್ಳು ಎರಡಕ್ಕೆ ಬಂದು ನಿಂತಾಗ, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗಕ್ಕೆ ಇಳಿದಾಗ, ಅವರು ಸುತ್ತಿಗೆ ಕೆಳಗಿಟ್ಟರು. ಮಾರನೆಯ ದಿನ ನಾವು ಕರೆಯದೆಯೇ ಮಗಳು ಹೊರಟು ನಿಂತಳು. ನಮ್ಮ ತಾಯಿಯವರಿಗೆ ಇದು ಹಿಡಿಸಲಿಲ್ಲ. ಹೆಣ್ಣುಮಗಳ ಉಗುರಿನಲ್ಲಿ ಗ್ರೀಸು ಕಂಡರೆ ನೋಡಲು ಬಂದವರು ಏನೆಂದಾರು ಎಂಬುದು ಅವರ ಚಿಂತೆ. ಗ್ರೀಸು ಸೀಗೆಪುಡಿಗೆ ಹೋಗುತ್ತದೆಂದು ಮಗಳು ಉತ್ತರ ಕೊಟ್ಟಳು. ಆ ವಾದದಲ್ಲಿ ನಾವು ಬಾಯಿ ಹಾಕಲಿಲ್ಲ.

ಮೇ ತಿಂಗಳ ಕೊನೆಗೆ ಮೂರನೆಯ ಕ್ರ್ಯಾಂಕಿನಲ್ಲಿ ಸುತ್ತಿಗೆ ಅವಳ ಕೈಗೆ ಬಂದಿತ್ತು. ತಾತನವರು ಮುಖ ಬೇರೆ ಕಡೆ ತಿರುಗಿಸಿ ಕುಳಿತು ಸದ್ದನ್ನಷ್ಟೆ ಕೇಳುತ್ತಿದ್ದರು. ಪೆಟ್ಟು ತಪ್ಪಾದರೆ "ಊಹೂಂ" ಎನ್ನುವರು; ಸರಿಯಾದರೆ ಏನೂ ಹೇಳರು. ಅವಳೊಂದಿಗೆ ಇನ್ನೂ ಇಬ್ಬರು ಹುಡುಗರು ಕಲಿಯುತ್ತಿದ್ದಾರೆ, ಅವರಲ್ಲೊಬ್ಬ ಹೊಸ ಗಾಡಿಯವನು. ಮೂವರೂ ಸೇರಿ ಪ್ರತಿಯೊಂದು ಅಚ್ಚಿನ ಚಿತ್ರ ಬರೆದು, ಅಳತೆ ಗುರುತಿಸಿ, ಅದರ ಉಪಯೋಗವನ್ನು ತಾತನವರ ಬಾಯಿಂದ ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ. ಗೋಡೆಯ ಮೇಲಿನ ಮೂರಕ್ಕೆ ಮಾತ್ರ ಪುಟ ಖಾಲಿ ಬಿಟ್ಟಿದ್ದಾರೆ.

ಆರ್.ಸಿ.ಯ ಮಾತು ಬಾಕಿಯಿದೆ. ಮನೆಯಲ್ಲಿ ಹಿರಿಯರ ವಾಹನವಿರುವ ವಾಚಕರು ಇದನ್ನು ಗಮನಿಸಬೇಕೆಂದು ಪ್ರಾರ್ಥನೆ. ಒಡೆಯರು ತೀರಿಕೊಂಡರೆ ಮೂವತ್ತು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು; ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ ಕೋರಬೇಕು. ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಯ ನೋಂದಣಿಯನ್ನು ತಪಾಸಣೆಗೊಳಪಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ತಡಮಾಡಿದ ಪ್ರತಿ ತಿಂಗಳಿಗೂ ದಂಡವುಂಟು. ಇವೊಂದನ್ನೂ ನಾವು ಮಾಡಿರಲಿಲ್ಲ. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿರುವ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿಯೆಂಬ ಬೇರೆ ವ್ಯವಸ್ಥೆಯೂ ಇದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ ಹತ್ತು ವರ್ಷ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದುವಕ್ಕಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತರಕಾರಿ ತರಲಾಗದ ಜಾವಾ ನಮಗೇಕೆ ಎಂದು ತಾಯಿಯವರು ಕೇಳಿದರು. ಆದುದರಿಂದ ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡು, ದಂಡ ತೆತ್ತು, ನಮ್ಮ ಹೆಸರಿಗೆ ಮಾಡಿಸಿಕೊಂಡೆವು. ಬಳಗದ ನಿವೃತ್ತ ಬ್ಯಾಂಕ್ ನೌಕರರು ನಮ್ಮೊಡನೆ ನಾಲ್ಕು ಸಲ ಕಚೇರಿಗೆ ಅಲೆದರು. ಒಂದು ಲೋಟ ಕಾಫಿಗಿಂತ ಹೆಚ್ಚಿನದನ್ನು ಸ್ವೀಕರಿಸಲಿಲ್ಲ.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ. ಭಾರತದ ಹಲವು ನಗರಗಳಲ್ಲಿ ಅಂದು ಈ ಗಾಡಿಗಳು ಸಾಲುಗೂಡುತ್ತವೆ. ಮೈಸೂರಿನಲ್ಲಿ ಅಂದು ಬೆಳಿಗ್ಗೆ ನೀಲಿ ಹೊಗೆಯಲ್ಲಿ ಕಣ್ಣುರಿಯಿತೆಂಬುದನ್ನು ಮುಚ್ಚಿಡಲಾರೆವು. ಹೊಗೆಯ ಆಕ್ಷೇಪಣೆ ನ್ಯಾಯವಾದುದೇ. ಎಣ್ಣೆಯ ಅಳತೆ ಮೀರದಂತೆ ನೋಡಿಕೊಳ್ಳುವುದು, ಸೈಲೆನ್ಸರಿನೊಳಗಿನ ಮಸಿಯನ್ನು ವರ್ಷಕ್ಕೊಮ್ಮೆ ತೆಗೆಯುವುದು, ಎಂಜಿನ್ನು ಚಾಲೂ ಇಟ್ಟು ಹರಟೆ ಹೊಡೆಯದಿರುವುದು, ಇಷ್ಟನ್ನು ಬಳಗದವರು ಪಾಲಿಸುತ್ತಾರೆ. ಸದ್ದಿಗಾಗಿ ಸೈಲೆನ್ಸರಿನ ಒಳಕೊಳವೆ ಕಿತ್ತು ಬಂದಿದ್ದ ಇಬ್ಬರು ತರುಣರನ್ನು ಅಂದು ಸಾಲಿನಲ್ಲಿ ನಿಲ್ಲಗೊಡಲಿಲ್ಲ.

ಮಳೆಗಾಲದಲ್ಲಿ ಗಾಡಿಗಳಿಗೆ ವಿಶ್ರಾಂತಿ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲು ತೇವವನ್ನು ಹೀರಿಕೊಳ್ಳುವ ಗುಣದ್ದು. ತಿಂಗಳುಗಟ್ಟಲೆ ನಿಂತರೆ ಹಳೆಯ ಟ್ಯಾಂಕಿಗೆ ಒಳಗಿನಿಂದ ತುಕ್ಕು ಹಿಡಿಯಬಹುದು, ಹಳೆಯ ರಬ್ಬರು ಮೆತ್ತಗಾಗಬಹುದು. ಆದುದರಿಂದ ಆಷಾಢದಲ್ಲಿ ಮನೆಮನೆಗೆ ಹೋಗಿ ಟ್ಯಾಂಕಿ, ಕಾರ್ಬ್ಯುರೇಟರು ಖಾಲಿ ಮಾಡಿಸುವ ಕೆಲಸವನ್ನೂ ಬಳಗದವರು ಹಚ್ಚಿಕೊಂಡಿದ್ದಾರೆ. ಒಂಟಿಯಾಗಿರುವ ವೃದ್ಧೆಯರ ಮನೆಗಳೇ ಹೆಚ್ಚು. ಗಾಡಿಯ ನೆಪದಲ್ಲಿ ಸೋರುವ ಹೆಂಚು, ಕೆಟ್ಟ ಪಂಪು ಎಲ್ಲವೂ ನೋಡಲ್ಪಡುತ್ತವೆ. ಇದನ್ನು ಅವರು ಯಾವ ವರದಿಯಲ್ಲಿಯೂ ಬರೆಯುವುದಿಲ್ಲ.

ಆಯುಧಪೂಜೆಯ ಹೊತ್ತಿಗೆ ನಮ್ಮ ಜಾವಾ ಮತ್ತೆ ಜೀವ ತಾಳಿತು. ಸಿಲಿಂಡರು ಬೋರ್ ಮಾಡಿಸಿ, ಒಂದು ಅಳತೆ ದೊಡ್ಡ ಪಿಸ್ಟನ್ನು ಹಾಕಿದೆ. ಟ್ಯಾಂಕಿಯ ಬಣ್ಣವನ್ನು ಹಾಗೆಯೇ ಬಿಟ್ಟೆವು. ಬಾಳೆಗೊನೆ ಉಜ್ಜಿದ ಗೀರುಗಳು ಅಲ್ಲಿಯೇ ಇವೆ. ತಾಯಿಯವರು ತಾವೇ ವಿಭೂತಿ ಹಚ್ಚಿ, ಚೆಂಡುಹೂವು ಮುಡಿಸಿದರು. ತಾತನವರನ್ನು ಆಟೋದಲ್ಲಿ ಕರೆತಂದಿದ್ದೆವು. ಮಗಳು ಕಿಕ್ಕರನ್ನು ಒದ್ದಾಗ ಎರಡನೆಯ ಒದೆಗೆ ಎಂಜಿನ್ನು ಹತ್ತಿಕೊಂಡಿತು. ಅವರು ಕ್ರ್ಯಾಂಕಿನ ಪೆಟ್ಟಿಗೆಯ ಮೇಲೆ ಬೆರಳ ತುದಿಯಿಟ್ಟು ಸ್ವಲ್ಪ ಹೊತ್ತು ನಿಂತರು. ಏನೂ ಹೇಳಲಿಲ್ಲ. ಮಗಳ ಮುಖ ಅರಳಿತು.

ಹೊಸ ಪಿಸ್ಟನ್ನು ಪಳಗುವವರೆಗೆ, ಅಂದರೆ ಮೊದಲ 500 ಕಿಲೋಮೀಟರು, ನಲವತ್ತರ ವೇಗ ಮೀರಬಾರದೆಂದು ಅಪ್ಪಣೆಯಾಗಿದೆ. ಈಗ 310 ಆಗಿದೆ. ಉಳಿದುದನ್ನು ನಂಜನಗೂಡಿನ ದಾರಿಯಲ್ಲಿ ಮುಗಿಸಬೇಕೆಂದಿದ್ದೇವೆ. ಎಣ್ಣೆಯ ಶೀಶೆ, ತಂದೆಯವರ ಅಳತೆಯ ಲೋಟ ಎರಡೂ ಗಾಡಿಯ ಪೆಟ್ಟಿಗೆಯಲ್ಲಿವೆ.